ಸ್ವಂತ ಅಗತ್ಯ: ಸೊನ್ನೆ

ನಮ್ಮಮ್ಮ ಬೆಳಿಗ್ಗೆ ಏಳರಿಂದ ಸಂಜೆ ಆರರವರೆಗೆ ನೀರು ಕುಡಿಯುವುದಿಲ್ಲ. ಹಟವಲ್ಲ, ಕಾಯಿಲೆಯೂ ಅಲ್ಲ. ಅವಳು ಕೆಲಸ ಮಾಡುವುದು ಕಟ್ಟುತ್ತಿರುವ ಕಟ್ಟಡವೊಂದರ ಹನ್ನೊಂದನೇ ಮಹಡಿಯಲ್ಲಿ. ಹೆಂಗಸರ ಕಕ್ಕಸು ಇರುವುದು ಕೆಳಗೆ ನೆಲಮಟ್ಟದಲ್ಲಿ, ಸಿಮೆಂಟ್ ಗೋದಾಮಿನ ಹಿಂದೆ. ಅದಕ್ಕೊಂದು ತಗಡಿನ ಬಾಗಿಲು, ಚಿಲಕವಿಲ್ಲ. ಸಾಮಾನು ಎಳೆಯುವ ಲಿಫ್ಟಿನಲ್ಲಿ ಮನುಷ್ಯರು ಹತ್ತಬಾರದೆಂದು ಬೋರ್ಡು ಹಾಕಿದ್ದಾರೆ. ಗೋಡೆಯ ಸಿಮೆಂಟ್ ಬ್ಲಾಕು ಹತ್ತಬಹುದು, ಮರಳು ಹತ್ತಬಹುದು. ಅಮ್ಮ ಮಾತ್ರ ಮೆಟ್ಟಿಲು ಇಳಿದು, ಸರದಿ ಕಾದು, ಮತ್ತೆ ಮೆಟ್ಟಿಲು ಹತ್ತಿ ಬರಬೇಕು. ಅಷ್ಟು ಹೊತ್ತೂ ಮೇಸ್ತ್ರಿ ಬರಿಗೈಯಲ್ಲಿ ಕೂತಿರಬೇಕಾಗುತ್ತದೆ, ದಿನದ ಲೆಕ್ಕ ಹಿಂದೆ ಬೀಳುತ್ತದೆ. ಅದಕ್ಕೇ ಅಮ್ಮ ನೀರು ಬಿಟ್ಟಳು.

ಲೆಕ್ಕ ಎಂದರೆ ದಿನಕ್ಕೆ ನೂರೈವತ್ತು ಬ್ಲಾಕು. ಗೋಡೆ ಕಟ್ಟುವ ಒಬ್ಬ ಮೇಸ್ತ್ರಿ, ಬ್ಲಾಕು ಹೊತ್ತು ಕೊಡುವ ಒಬ್ಬಳು ಕೈಯಾಳು ಸೇರಿದರೆ ಒಂದು ಜೋಡಿ. ಜೋಡಿಗೆ ನೂರೈವತ್ತು ಎಂದು ಪ್ರತಿ ಮಹಡಿಯ ಲಿಫ್ಟಿನ ಬಾಯಲ್ಲಿ ಕೆಂಪು ಬಣ್ಣದಲ್ಲಿ ಬರೆದಿದ್ದಾರೆ. ಎರಡು ವಾರ ಅಷ್ಟು ಮುಟ್ಟದ ಜೋಡಿಯ ಗೇಟ್ ಪಾಸ್ ಕಿತ್ತುಕೊಂಡು ಕೆಲಸದಿಂದ ಕಳಿಸುತ್ತಾರೆ.

ಆ ನೂರೈವತ್ತನ್ನು ಕಂಡುಹಿಡಿದವಳು ನಾನು. ಅದಕ್ಕೇ ನನಗೆ ಎಂ.ಟೆಕ್. ಪದವಿ ಸಿಕ್ಕಿದ್ದು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಹೇಳದೆ ಇದ್ದದ್ದಕ್ಕೆ ಇನ್ನೂ ಹೆಚ್ಚು ನಾಚಿಕೆಯಾಗುತ್ತದೆ. ಅದಕ್ಕೆ ಹೇಳಿಯೇ ಬಿಡುತ್ತೇನೆ.

ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡ. ಅಮ್ಮ ಬ್ಲಾಕು ಹೊತ್ತು ನನ್ನನ್ನು ಇಂಜಿನಿಯರಿಂಗ್ ಓದಿಸಿದಳು. ಓದು ಮುಗಿದ ಮೇಲೆ ಎರಡು ವರ್ಷ ಒಬ್ಬ ಸಣ್ಣ ಕಂಟ್ರಾಕ್ಟರನ ಹತ್ತಿರ ಸೈಟ್ ಇಂಜಿನಿಯರ್ ಆಗಿದ್ದೆ. ಹೆಸರಿಗೆ ಇಂಜಿನಿಯರ್. ಕೆಲಸ ಮಾತ್ರ ಕಬ್ಬಿಣದ ಸರಳು ಎಣಿಸುವುದು, ಎಣಿಸಿದ್ದಕ್ಕೂ ಬೈಸಿಕೊಳ್ಳುವುದು. ಅಲ್ಲಿ ಮೇಲೆ ಹೋದವರೆಲ್ಲ ಒಂದೇ ದಾರಿಯಲ್ಲಿ ಹೋಗಿದ್ದರು. ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟಿನಲ್ಲಿ ಎಂ.ಟೆಕ್. ಮಾಡಿ ಪ್ಲಾನಿಂಗ್ ಆಫೀಸು ಸೇರುವುದು, ಅಲ್ಲಿಂದ ಪ್ರಾಜೆಕ್ಟ್ ಮ್ಯಾನೇಜರ್ ಆಗುವುದು. ನಾನೂ ಅದೇ ದಾರಿ ಹಿಡಿಯುತ್ತೇನೆಂದು ಮನೆಯಲ್ಲಿ ಹೇಳಿದೆ.

"ಅದರಲ್ಲಿ ಏನು ಕಲಿಸ್ತಾರೆ?" ಅಮ್ಮ ಕೇಳಿದಳು.

"ಕಟ್ಟೋ ಕೆಲಸಾನ ಹೇಗೆ ಮಾಡಿಸ್ಬೇಕು ಅಂತ."

"ಮಾಡೋದನ್ನ ನಾವು ಎರಡು ದಿನದಲ್ಲಿ ಕಲಿತ್ವಿ. ಮಾಡ್ಸೋದು ಕಲಿಯೋಕೆ ಎರಡು ವರ್ಷ ಬೇಕೇನೇ?"

ಗುಂಡು ಮಾವ ಪಕ್ಕದಲ್ಲೇ ಕೂತಿದ್ದ. "ಸುಮ್ನಿರಕ್ಕ, ಮಾಡ್ಸೋದೇ ಕಷ್ಟ. ನಿನ್ನ ಕೈಲಿ ಕೆಲಸ ಮಾಡ್ಸೋಕೆ ಹನ್ನೆರಡು ವರ್ಷದಿಂದ ಒದ್ದಾಡ್ತಿದೀನಿ, ಇನ್ನೂ ಪಾಸಾಗಿಲ್ಲ" ಅಂದ.

ಗುಂಡು ಮಾವ ಅಮ್ಮನ ಜೋಡಿಯ ಮೇಸ್ತ್ರಿ. ರಕ್ತ ಸಂಬಂಧವಿಲ್ಲ, ಆದರೂ ಮಾವನೇ. ಆಳು ಕಡ್ಡಿಯಂತೆ ಸಣಕಲು. ಗೋಡೆ ನೆಟ್ಟಗಿದೆಯೇ ಎಂದು ನೋಡುವ ತೂಕದ ಗುಂಡು ಸದಾ ಅವನ ಜೇಬಿನಲ್ಲಿರುತ್ತದೆ. ಅದಕ್ಕೆ ಆ ಹೆಸರು. ಗುಂಡನ್ನು ಇಳಿಬಿಟ್ಟು, ಅದು ಅಲ್ಲಾಡುವುದು ಪೂರ್ತಿ ನಿಲ್ಲುವವರೆಗೆ ಮುಂದಿನ ಬ್ಲಾಕು ಮುಟ್ಟುವವನಲ್ಲ. ಅವನೂ ಅಮ್ಮನೂ ಸೇರಿ ದಿನಕ್ಕೆ ನೂರಹತ್ತು ಬ್ಲಾಕು ಕೂರಿಸುತ್ತಿದ್ದರು. ಒಳ್ಳೆಯ ದಿನ ನೂರಹದಿನೈದು. ಇದು ನನಗೆ ಲಂಗ ಹಾಕುವ ವಯಸ್ಸಿನಿಂದ ಗೊತ್ತು.

ಕಾಲೇಜಿನ ಮೊದಲ ದಿನವೇ ನಾನು ಜಾರಿದೆ. ತರಗತಿಯಲ್ಲಿದ್ದವರೆಲ್ಲ ಕಂಟ್ರಾಕ್ಟರರ ಮಕ್ಕಳು, ಬಿಲ್ಡರುಗಳ ಮಕ್ಕಳು, ಇಲಾಖೆಯ ಸಾಹೇಬರ ಮಕ್ಕಳು. ಒಬ್ಬೊಬ್ಬರಾಗಿ ಎದ್ದು ಮನೆಯವರು ಏನು ಮಾಡುತ್ತಾರೆಂದು ಹೇಳಬೇಕಿತ್ತು. ನನ್ನ ಸರದಿ ಬಂದಾಗ, "ನಮ್ಮ ತಾಯಿ ಕನ್‌ಸ್ಟ್ರಕ್ಷನ್ ಫೀಲ್ಡಲ್ಲೇ ಇದಾರೆ" ಅಂದೆ. ಪಕ್ಕದವಳು, "ಓ, ಲೇಡಿ ಬಿಲ್ಡರ್!" ಎಂದು ಹುಬ್ಬೇರಿಸಿದಳು. ನಾನು ಅಲ್ಲವೆನ್ನಲಿಲ್ಲ.

ಕೊನೆಯ ಆರು ತಿಂಗಳು ಒಂದು ಸೈಟಿಗೆ ಹೋಗಿ ಅಧ್ಯಯನ ಮಾಡಿ ವರದಿ ಬರೆಯಬೇಕು. ಗೋಡೆ ಕೆಲಸಕ್ಕೆ ನಿಜವಾಗಿ ಎಷ್ಟು ಸಮಯ ಬೇಕು ಎಂಬುದು ನನ್ನ ವಿಷಯ. ಗೈಡ್ ಸಾಹೇಬರು ತಮಗೆ ಪರಿಚಯವಿದ್ದ ಕಂಪನಿಯ ಸೈಟಿಗೆ ಪತ್ರ ಕೊಟ್ಟರು. ವಿಳಾಸ ಓದಿದೆ. ಅಮ್ಮನ ಸೈಟು.

ಬೇರೆ ಸೈಟು ಕೇಳಬಹುದಿತ್ತು. ಕಾರಣ ಹೇಳಬೇಕಾಗುತ್ತದೆಂದು ಕೇಳಲಿಲ್ಲ. ಮನೆಗೆ ಬಂದು ಅಮ್ಮನಿಗೆ ಹೇಳಿದರೆ, ನನಗಿಂತ ಹೆಚ್ಚು ಅವಳೇ ಹೆದರಿದಳು.

"ನೀನು ಅಲ್ಲಿ ನನ್ನ ಮಾತಾಡಿಸ್ಬೇಡ ಕಣೇ. ನಿನ್ನ ಮಾಸ್ತರು ಬಂದಿರ್ತಾರೆ, ಮ್ಯಾನೇಜರ್ ಸಾಹೇಬ್ರು ಇರ್ತಾರೆ. ನಾನು ನಿನ್ನ ಮೇಡಂ ಅಂತೀನಿ."

"ಯಾಕಮ್ಮ ಹಾಗಂತೀಯ?" ಅಂದೆ, ಬಾಯಿಮಾತಿಗೆ. ಒಳಗೊಳಗೆ ಎದೆ ಹಗುರಾಯಿತು. ಆ ಹಗುರವನ್ನು ನೆನೆದರೆ ಈಗಲೂ ತಲೆ ಎತ್ತಲಾರೆ.

ಸೈಟಿನಲ್ಲಿ ಅಳತೆ ಮೂರೇ ದಿನ, ನಾಲ್ಕನೇ ಮಹಡಿ. ಕೈಯಲ್ಲಿ ಸ್ಟಾಪ್‌ವಾಚು, ಕೊರಳಲ್ಲಿ ಕಾರ್ಡು, ರಟ್ಟಿಗೆ ಸಿಕ್ಕಿಸಿದ ಹಾಳೆ. ನಾನು ಹೋಗುವ ಹೊತ್ತಿಗೆ ಎಲ್ಲ ಜೋಡಿಗಳೂ ಸಾಲಾಗಿ ನಿಂತಿದ್ದವು. ಬ್ಲಾಕುಗಳನ್ನು ಹಿಂದಿನ ಸಂಜೆಯೇ ಗೋಡೆಯ ಬುಡಕ್ಕೆ ತಂದು ಪೇರಿಸಿದ್ದರು. ಸಿಮೆಂಟು ಕಲಸಿ ಸಿದ್ಧವಾಗಿತ್ತು. ಹೆಂಗಸರು ಸೆರಗು ಬಿಗಿದಿದ್ದರು. ಅಮ್ಮ ನನ್ನ ಮುಖ ನೋಡಲಿಲ್ಲ. "ನಮಸ್ಕಾರ ಮೇಡಂ" ಅಂದಳು.

ಗುಂಡಿ ಒತ್ತಿದೆ. ಓಡಿದರು.

ಅದು ಕೆಲಸವಲ್ಲ, ಓಟ. ಅಮ್ಮ ಒಂದರ ಬದಲು ಎರಡು ಬ್ಲಾಕು ಹೊತ್ತಳು. ಗುಂಡು ಮಾವನ ಗುಂಡು ಜೇಬಿನಿಂದ ಹೊರಗೇ ಬರಲಿಲ್ಲ. ಇಡೀ ಸೈಟಿನ ಸುದ್ದಿಯನ್ನು ಬಾಯಲ್ಲಿಟ್ಟುಕೊಂಡು ಓಡಾಡುವ, ಇನ್ನೊಂದು ಜೋಡಿಯ ಕೈಯಾಳು ರೇಡಿಯೋ ಅಕ್ಕ ಮೂರು ದಿನ ತುಟಿ ಬಿಚ್ಚಲಿಲ್ಲ. ಯಾರೂ ನೀರು ಕುಡಿಯಲಿಲ್ಲ. ಯಾರೂ ಮೆಟ್ಟಿಲು ಇಳಿಯಲಿಲ್ಲ. ಹಾಳೆಯಲ್ಲಿ 'ಸ್ವಂತ ಅಗತ್ಯ' ಎಂಬ ಕಾಲಂ ಇದೆ. ನೀರಿಗೆ, ಶೌಚಕ್ಕೆ ಹೋದ ನಿಮಿಷಗಳನ್ನು ಅಲ್ಲಿ ಬರೆಯಬೇಕು. ಮೂರೂ ದಿನ ಎಲ್ಲ ಜೋಡಿಗೂ ಸೊನ್ನೆ ಬರೆದೆ.

ಅವರು ಓಡಿದ್ದು ಯಾಕೆಂದು ಆಮೇಲೆ ತಿಳಿಯಿತು. "ನನ್ನ ಮಗಳಿಗೆ ಪರೀಕ್ಷೆ" ಎಂದು ಅಮ್ಮ ಒಬ್ಬೊಬ್ಬರ ಹತ್ತಿರವೂ ಹೋಗಿ ಹೇಳಿದ್ದಳಂತೆ. ನಾವು ನಿಧಾನ ಮಾಡಿದರೆ ಹುಡುಗಿಗೆ ಮಾರ್ಕು ಕಡಿಮೆಯಾಗುತ್ತದೆಂದು ಅವರೆಲ್ಲ ತಿಳಿದಿದ್ದರು. ನಮ್ಮ ಮನೆಯ ಹುಡುಗಿ, ನಮ್ಮ ಕೈಯಿಂದ ಫೇಲಾಗಬಾರದು ಅಂತ. ಇಂಥ ತಪ್ಪನ್ನು ಇವರಲ್ಲದೆ ಇನ್ನಾರು ಮಾಡಿಯಾರು? ಮುಂದಿನ ಭಾನುವಾರ ಗುಂಡು ಮಾವ ರಜಾ ದಿನವೇ ಬಂದು ಆ ಮೂರು ದಿನದ ಗೋಡೆಯನ್ನು ಅರ್ಧ ಬಿಚ್ಚಿ ಕಟ್ಟಿದನಂತೆ. ಬೆರಳಷ್ಟು ವಾಲಿತ್ತು.

ನನಗೇನೂ ಗೊತ್ತಾಗಲಿಲ್ಲವೆಂದು ಹೇಳುವಂತಿಲ್ಲ. ಗೊತ್ತಾಯಿತು. ಹಾಳೆಯಲ್ಲಿ 'ವೇಗ' ಎಂದು ಇನ್ನೊಂದು ಕಾಲಂ ಇರುತ್ತದೆ. ಕೆಲಸಗಾರ ದಿನಾ ಮಾಡುವ ವೇಗದಲ್ಲೇ ಇದ್ದರೆ ನೂರು ಎಂದು ಬರೆಯಬೇಕು. ಮೈಮೀರಿ ಓಡುತ್ತಿದ್ದರೆ ನೂರಿಪ್ಪತ್ತು, ನೂರಮೂವತ್ತು. ಆಗ ಕೊನೆಯ ಲೆಕ್ಕ ಅಷ್ಟು ಕೆಳಗಿಳಿಯುತ್ತದೆ. ಪಠ್ಯಪುಸ್ತಕ ಬರೆದವರು ಅಷ್ಟಾದರೂ ಯೋಚನೆ ಮಾಡಿದ್ದರು. ನಾನು ಪೆನ್ಸಿಲಿನಲ್ಲಿ ನೂರಮೂವತ್ತೈದು ಎಂದು ಬರೆದೆ. ಎಲ್ಲ ಸಾಲಿಗೂ ಬರೆದೆ.

ವರದಿ ಒಪ್ಪಿಸುವ ದಿನ ದೊಡ್ಡ ಕೋಣೆಯಲ್ಲಿ ಗೈಡ್ ಇದ್ದರು, ಸಹಪಾಠಿಗಳಿದ್ದರು, ಆ ಕಂಪನಿಯ ಪ್ರಾಜೆಕ್ಟ್ ಮ್ಯಾನೇಜರೂ ಬಂದಿದ್ದರು. ಪರದೆಯ ಮೇಲೆ ಫೋಟೋ ಹಾಕಿದೆ. ತಲೆಯ ಮೇಲೆ ಎರಡು ಬ್ಲಾಕು ಹೊತ್ತ ಅಮ್ಮ.

"ಆ ಮುದುಕಿ ನೋಡ್ರೋ, ಒಳ್ಳೆ ಮಷಿನ್ ಥರ ಇದಾಳೆ" ಎಂದು ಹಿಂದಿನಿಂದ ಒಬ್ಬ ಅಂದ. ನಗು ಎದ್ದಿತು. ನಾನೂ ನಕ್ಕೆ. ಹೌದು, ನಕ್ಕೆ.

ಗೈಡ್ ನನ್ನ ಹಾಳೆ ಎತ್ತಿ ಹಿಡಿದರು. "ಎಲ್ಲರಿಗೂ ನೂರಮೂವತ್ತೈದು ಹಾಕಿದೀರಲ್ಲಮ್ಮ. ಇವರು ದಿನಾ ಇಷ್ಟು ಜೋರಾಗಿ ಮಾಡಲ್ಲ ಅಂತ ನಿಮಗೆ ಹೇಗೆ ಗೊತ್ತು? ಮೊದಲೇ ನೋಡಿದೀರಾ? ಪರಿಚಯದವರಾ?"

ಮ್ಯಾನೇಜರ್ ನನ್ನ ಕಡೆ ನೋಡಿದರು. ಎಲ್ಲರೂ ನೋಡಿದರು. ಪರದೆಯ ಮೇಲಿಂದ ಅಮ್ಮ ಮಾತ್ರ ಬೇರೆ ಕಡೆ ನೋಡುತ್ತಿದ್ದಳು, ತಾನೇ ಹೇಳಿಕೊಟ್ಟ ಪಾಠದಂತೆ.

"ಇಲ್ಲ ಸರ್. ಪರಿಚಯ ಇಲ್ಲ."

"ಮತ್ತೆ ಆಧಾರ ಇಲ್ಲದೆ ಬರೆಯೋ ಹಾಗಿಲ್ಲ. ನೂರು ಮಾಡಿ."

ಅಲ್ಲೇ, ಮೇಜಿನ ಅಂಚಿಗೆ ಹಾಳೆ ಒತ್ತಿಹಿಡಿದು, ರಬ್ಬರಿನಿಂದ ಒಂದೊಂದೇ ಸಾಲು ಉಜ್ಜಿದೆ. ನೂರು, ನೂರು, ನೂರು. ಕೂಡಿ ಕಳೆದು ಬಂದದ್ದು ನೂರೈವತ್ತು ಬ್ಲಾಕು. ತರಗತಿಗೇ ಹೆಚ್ಚು ಅಂಕ ನನಗೆ ಬಂತು. ಮ್ಯಾನೇಜರ್ ಕೈ ಕುಲುಕಿ, "ನಮ್ಮ ಪ್ಲಾನಿಂಗ್ ಆಫೀಸಿಗೆ ಬನ್ನಿ" ಎಂದರು.

ಕೆಲಸ ಸಿಕ್ಕಿತು. ಆಫೀಸು ಊರಿನ ಇನ್ನೊಂದು ತುದಿಯಲ್ಲಿತ್ತು. ಹತ್ತಿರದಲ್ಲೇ ಹಾಸ್ಟೆಲ್ ಹಿಡಿದೆ. ತಣ್ಣನೆಯ ಕೋಣೆ, ತಿರುಗುವ ಕುರ್ಚಿ. ನನ್ನ ನೂರೈವತ್ತನ್ನು ಕಂಪನಿಯ ಎಲ್ಲ ಸೈಟಿಗೂ ಕಳಿಸಿದರು. ವಾರಕ್ಕೊಮ್ಮೆ ಸೈಟುಗಳಿಂದ ಅಂಕಿ ಬರುತ್ತಿತ್ತು. ನೂರೈವತ್ತು ಮುಟ್ಟಿದ ಜೋಡಿಗೆ ಹಸಿರು, ಮುಟ್ಟದ್ದಕ್ಕೆ ಕೆಂಪು ಬಣ್ಣ ತುಂಬುವುದು ನನ್ನ ಕೆಲಸ. ಜೋಡಿಗಳಿಗೆ ಹೆಸರಿರಲಿಲ್ಲ, ನಂಬರಿತ್ತು. ಅಮ್ಮನ ಸೈಟಿನ ನಾಲ್ಕನೇ ಜೋಡಿಗೆ ಎಷ್ಟೋ ವಾರ ಹಸಿರು, ಆಮೇಲೆ ಕೆಂಪು ತುಂಬಿದೆ. ಯಾರೆಂದು ಕೇಳಲಿಲ್ಲ. ಕೇಳಿದರೆ ಗೊತ್ತಾಗಿಬಿಡುತ್ತಿತ್ತು.

ನೂರೈವತ್ತು ಜಾರಿಗೆ ಬಂದು ಎಂಟು ತಿಂಗಳಾಗಿತ್ತು. ಒಂದು ಭಾನುವಾರ ಮನೆಗೆ ಹೋದಾಗ ಅಮ್ಮ ಗೋಡೆಗೆ ಒರಗಿ ಕೂತಿದ್ದಳು. ತುಟಿ ಒಣಗಿ ಬಿರಿದಿತ್ತು. ಕಿಬ್ಬೊಟ್ಟೆ ಒತ್ತಿಹಿಡಿದಿದ್ದಳು.

"ಏನಾಯ್ತಮ್ಮ?"

"ಏನಿಲ್ಲ. ಸ್ವಲ್ಪ ಉರಿಮೂತ್ರ. ಮೂರು ದಿನ ಮಾತ್ರೆ ತಗೊಂಡ್ರೆ ಹೋಗುತ್ತೆ ಅಂದ್ರು ಡಾಕ್ಟ್ರು."

ಲೋಟ ತುಂಬ ನೀರು ಕೊಟ್ಟೆ. ಒಂದು ಗುಟುಕು ಕುಡಿದು ಕೆಳಗಿಟ್ಟಳು. "ಅಭ್ಯಾಸ ತಪ್ಪಿದೆ" ಅಂದಳು.

ರೇಡಿಯೋ ಅಕ್ಕ ಅಮ್ಮನ ಕಾಲ ಬಳಿ ಕೂತಿದ್ದಳು. ಅವಳಿಗೆ ತಡೆಯಲಾಗಲಿಲ್ಲ. "ಅಭ್ಯಾಸ ತಪ್ಪಿಸ್ದೋಳು ಇವಳೇ ಅಲ್ವಾ! ನಿನ್ನ ನೂರೈವತ್ತು ಕಣೇ ತಾಯಿ. ಬೆಳಿಗ್ಗೆ ನೀರು ಕುಡಿದ್ರೆ ಹತ್ತು ಗಂಟೆಗೆ ಇಳೀಬೇಕು. ಇಳಿದ್ರೆ ಹತ್ತು ಬ್ಲಾಕು ಹೋಯ್ತು. ನಾವೆಲ್ಲ ಹೀಗೇ ಒಣಗ್ತಾ ಇದೀವಿ."

"ಬಾಯ್ಮುಚ್ಚೇ" ಎಂದು ಅಮ್ಮ ಗದರಿದಳು. ಆಮೇಲೆ ನನ್ನ ಕಡೆ ತಿರುಗಿ, ಸಮಾಧಾನ ಮಾಡುವವಳಂತೆ, "ನಿನ್ನ ಲೆಕ್ಕ ಸುಳ್ಳಾಗಬಾರದು ಅಂತ ಮಾಡ್ತಿದೀವಿ ಕಣೇ. ವಯಸ್ಸಾಯ್ತು, ಅದಕ್ಕೇ ಆಗ್ತಿಲ್ಲ" ಅಂದಳು.

ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಲೆಕ್ಕ ಸುಳ್ಳೆಂದು ಗೊತ್ತಿದ್ದವಳು ನಾನೊಬ್ಬಳೇ. ಅದನ್ನು ನಿಜ ಮಾಡಲು ಅವಳು ಮೈ ಒಣಗಿಸಿಕೊಂಡಿದ್ದಳು.

"ನಿನ್ನ ಜೋಡಿ ನಂಬರ್ ಎಷ್ಟಮ್ಮ?"

"ನಾಲ್ಕು. ಯಾಕೆ?"

ಗೇಟ್ ಪಾಸ್ ಕಿತ್ತುಕೊಳ್ಳಬೇಕಾದ ಜೋಡಿಗಳ ಪಟ್ಟಿ ಶನಿವಾರವೇ ನನ್ನ ಮೇಜಿಗೆ ಬಂದಿತ್ತು. ನಾಲ್ಕು, ಏಳು, ಒಂಬತ್ತು. ಸೋಮವಾರ ಬೆಳಿಗ್ಗೆ ಸೈಟಿಗೆ ಹೋಗಿ, ಅಳತೆ ಮಾಡಿದ ಇಂಜಿನಿಯರ್ ಎಂದು ನಾನೇ ಸಹಿ ಹಾಕಿ, ನಾನೇ ಎಲ್ಲರೆದುರು ಓದಬೇಕಿತ್ತು.

ಸೋಮವಾರ ಹನ್ನೊಂದು ಮಹಡಿ ಹತ್ತಿದೆ. ಆರನೆಯದಕ್ಕೇ ಉಸಿರು ಕಟ್ಟಿತು. ಅಮ್ಮ ಇದನ್ನು ದಿನಾ ಹತ್ತುತ್ತಾಳೆ. ಮೇಲೆ ಜೋಡಿಗಳು ಸಾಲಾಗಿ ನಿಂತಿದ್ದವು. ಮ್ಯಾನೇಜರ್ ಕೈಗಡಿಯಾರ ನೋಡಿಕೊಳ್ಳುತ್ತಿದ್ದರು.

"ಓದಿ ಮೇಡಂ, ಬೇಗ ಮುಗಿಸೋಣ."

ಚೀಲದಿಂದ ಪಟ್ಟಿ ತೆಗೆಯಲಿಲ್ಲ. ಅಂದಿನ ಅಳತೆಯ ಹಳೆಯ ಹಾಳೆ ತೆಗೆದೆ. ಮ್ಯಾನೇಜರ್ ಎದುರು ಚಾಚಿದೆ.

"ಸರ್, ಈ ಲೆಕ್ಕ ಸುಳ್ಳು. ಇವರು ಆ ಮೂರು ದಿನ ನನಗೋಸ್ಕರ ಓಡಿದ್ರು. ನೂರಮೂವತ್ತೈದು ಅಂತ ಬರೆದು ಅಳಿಸಿದೀನಿ, ಗುರುತು ಇನ್ನೂ ಇದೆ ನೋಡಿ. ಇವರು ದಿನಾ ಎಷ್ಟು ಮಾಡ್ತಾರೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಯಾಕೇಂದ್ರೆ ನಾಲ್ಕನೇ ಜೋಡೀಲಿರೋ ಕೈಯಾಳು ನಮ್ಮಮ್ಮ."

ಅಮ್ಮನ ಮುಖ ಕಪ್ಪಿಟ್ಟಿತು. "ಏನೇ ಇದು? ಯಾಕೆ ಹೇಳಿದೆ? ಎಲ್ಲ ಹಾಳು ಮಾಡ್ಕೊಂಡ್ಯಲ್ಲೇ" ಅಂದಳು. ಅವಳಿಗೆ ಆ ಕ್ಷಣದಲ್ಲೂ ನನ್ನದೇ ಚಿಂತೆ.

ಮ್ಯಾನೇಜರ್ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. ಅಳಿಸಿದ ಅಂಕಿ ಕಾಣುತ್ತಿತ್ತು. ಮಡಚಿ ವಾಪಸ್ ಕೊಟ್ಟರು.

"ತಾಯಿಯ ಜೋಡಿ ಪಟ್ಟಿಯಲ್ಲಿ ಬಂದಾಗ ನೆನಪಾಯ್ತಾ ನಿಮಗೆ? ಒಳ್ಳೇದು. ಈಗಲೇ ಮತ್ತೆ ಅಳೀರಿ, ನನ್ನೆದುರು. ನೂರೈವತ್ತರ ಲೆಕ್ಕಕ್ಕೆ ಬಂದ್ರೆ ನಿಮ್ಮ ಮಾತು ಇಲ್ಲಿಗೆ ಮುಗೀತು, ಪಟ್ಟಿ ಓದಿ ಹೋಗ್ತೀರಿ. ಬರಲಿಲ್ಲ ಅಂದ್ರೆ ಸುಳ್ಳು ವರದಿ ಕೊಟ್ಟಿದಾರೆ ಅಂತ ಕಾಲೇಜಿಗೆ ನಾನೇ ಬರೀತೀನಿ. ಪದವಿ ಇರುತ್ತೋ ಹೋಗುತ್ತೋ ಅವರು ನೋಡ್ಕೊಳ್ಳಲಿ."

ಮ್ಯಾನೇಜರ್ ಈ ಕೆಲಸದವರನ್ನು ಚೆನ್ನಾಗಿ ಅರಿತಿದ್ದರು.

ಸ್ಟಾಪ್‌ವಾಚು ಹಿಡಿದೆ. ಹೊಸ ಹಾಳೆ ರಟ್ಟಿಗೆ ಸಿಕ್ಕಿಸಿ ಎದುರಿಗೆ ನೋಡಿದರೆ ಅಮ್ಮ ಸೆರಗು ಬಿಗಿಯುತ್ತಿದ್ದಳು. ರೇಡಿಯೋ ಅಕ್ಕ ಮಾತು ನಿಲ್ಲಿಸಿದ್ದಳು. ಗುಂಡು ಮಾವ ಗುಂಡನ್ನು ಜೇಬಿಗೆ ಹಾಕಿಕೊಂಡ. ಒಬ್ಬರನ್ನೊಬ್ಬರು ನೋಡಿ ತಲೆಯಾಡಿಸಿದರು. ಹುಡುಗಿಯ ಪದವಿ ಉಳಿಸಲು ಇವರು ಮತ್ತೆ ಓಡುತ್ತಾರೆ. ತಮ್ಮ ಗೇಟ್ ಪಾಸ್ ಹೋದರೂ ಸರಿ, ಓಡುತ್ತಾರೆ.

ಗುಂಡಿ ಒತ್ತಿದೆ. ಅಮ್ಮ ಎರಡು ಬ್ಲಾಕು ತಲೆಗೇರಿಸಿದಳು.

"ಅಮ್ಮ, ಇಳಿಸು."

"ಸುಮ್ನಿರು, ಟೈಮ್ ಹೋಗುತ್ತೆ."

"ಹೋಗಲಿ. ಒಂದು ಇಳಿಸು. ದಿನಾ ಮಾಡೋ ಹಾಗೆ ಮಾಡಮ್ಮ." ಎಲ್ಲರಿಗೂ ಕೇಳುವಂತೆ ಅಂದೆ, "ನಿಮ್ಮ ಕಾಲಿಗೆ ಬೀಳ್ತೀನಿ, ನನಗೋಸ್ಕರ ಓಡಬೇಡಿ. ಒಂದು ಸಲ ಓಡಿದ್ದು ಸಾಕು. ನಾನು ಫೇಲಾಗ್ಬೇಕು, ಫೇಲ್ ಮಾಡಿ."

ಅಮ್ಮ ತಲೆಯ ಮೇಲೆ ಬ್ಲಾಕು ಹೊತ್ತು ಹಾಗೇ ನಿಂತಳು. ಬಹಳ ಹೊತ್ತು ನಿಂತಳೆಂದು ನನಗನ್ನಿಸಿತು. ಗಡಿಯಾರದಲ್ಲಿ ಹನ್ನೊಂದು ಸೆಕೆಂಡು. ಆಮೇಲೆ ಒಂದು ಬ್ಲಾಕು ಇಳಿಸಿದಳು. ಇನ್ನೊಂದನ್ನೂ ಇಳಿಸಿದಳು.

"ನೀರಿನ ಬಾಟ್ಲಿ ಕೊಡು ಇಲ್ಲಿ" ಅಂದಳು.

ನನ್ನ ಚೀಲದಲ್ಲಿದ್ದ ಬಾಟಲಿ ಕೊಟ್ಟೆ. ಕತ್ತು ಹಿಂದಕ್ಕೆ ಚೆಲ್ಲಿ ಗಟಗಟ ಕುಡಿದಳು. ಗಲ್ಲದ ಮೇಲಿಂದ ನೀರು ಇಳಿದು ರವಿಕೆ ಒದ್ದೆಯಾಯಿತು. ಬಾಟಲಿಯನ್ನು ರೇಡಿಯೋ ಅಕ್ಕನ ಕೈಗೆ ಕೊಟ್ಟು ಮೆಟ್ಟಿಲ ಕಡೆ ನಡೆದಳು.

"ಎಲ್ಲಿಗೆ?" ಮ್ಯಾನೇಜರ್ ಕೇಳಿದರು.

"ಕೆಳಗೆ ಸಾಹೇಬ್ರೆ. ಎಂಟು ತಿಂಗಳಿಂದ ಹೋಗ್ಬೇಕಿತ್ತು" ಅಂದಳು ಅಮ್ಮ. ಇಳಿಯತೊಡಗಿದಳು.

ಬಾಟಲಿ ಕೈಯಿಂದ ಕೈಗೆ ಹೋಯಿತು. ರೇಡಿಯೋ ಅಕ್ಕ ಕುಡಿದು, "ತಡಿಯೇ, ನಾನೂ ಬಂದೆ" ಎಂದು ಹೊರಟಳು. ಅವಳ ಹಿಂದೆ ಏಳನೇ ಜೋಡಿಯವಳು, ಅವಳ ಹಿಂದೆ ಒಂಬತ್ತರವಳು. ಹಸಿರು ಬಣ್ಣದ ಜೋಡಿಯವರೂ ಹೊರಟರು. ಮೆಟ್ಟಿಲ ಮೇಲೆ ಅವರ ಮಾತು, ನಗು ಕೆಳಗಿಳಿಯುತ್ತಾ ಹೋಯಿತು. ಇತ್ತ ಗುಂಡು ಮಾವ ಜೇಬಿನಿಂದ ಗುಂಡು ತೆಗೆದು ಗೋಡೆಯ ಪಕ್ಕ ಇಳಿಬಿಟ್ಟ. ಅದು ಅಲ್ಲಾಡುವುದು ನಿಲ್ಲಲಿ ಎಂದು ಕಾಯುತ್ತಾ ಕೂತ. ಉಳಿದ ಮೇಸ್ತ್ರಿಗಳೂ ಕರಣೆ ಕೆಳಗಿಟ್ಟರು.

"ಇದನ್ನೆಲ್ಲ ಬರೀಬೇಡಿ" ಎಂದರು ಮ್ಯಾನೇಜರ್.

"ಬರೀತಿದೀನಿ ಸರ್."

"ನಾಳೆಯಿಂದ ಆಫೀಸಿಗೆ ಬರೋ ಅಗತ್ಯ ಇಲ್ಲ ನಿಮಗೆ. ಇವರಿಗೂ ಅಷ್ಟೇ, ಅಷ್ಟೂ ಜನಕ್ಕೆ."

"ಅಷ್ಟೂ ಜನಾನ ಕಳ್ಸಿ ಸಾಹೇಬ್ರೆ" ಅಂದ ಗುಂಡು ಮಾವ, ಕಣ್ಣು ಗುಂಡಿನ ಮೇಲೆಯೇ ಇಟ್ಟುಕೊಂಡು. "ಗೋಡೆ ಇಲ್ಲೇ ಇರುತ್ತೆ. ನೀವೇ ಕಟ್ಕೊಳ್ಳಿ."

ಮ್ಯಾನೇಜರ್ ಫೋನು ತೆಗೆದು ಯಾರಿಗೋ ಕರೆ ಮಾಡುತ್ತಾ ಆಚೆ ಹೋದರು. ಮುಂದೇನು ಮಾಡುತ್ತಾರೋ ನನಗೆ ಗೊತ್ತಿರಲಿಲ್ಲ. ಧೈರ್ಯ ಬಂದಿತ್ತೆಂದು ಹೇಳಿದರೆ ಅದೂ ಸುಳ್ಳಾಗುತ್ತದೆ. ಈ ಒಂದು ಮಾತನ್ನು ಆ ಪರದೆಯ ಮುಂದೆ ನಿಂತಾಗಲೇ ಹೇಳಿದ್ದರೆ ಅಮ್ಮನ ತುಟಿ ಬಿರಿಯುತ್ತಿರಲಿಲ್ಲ ಎಂದಷ್ಟೇ ಯೋಚಿಸುತ್ತಾ ನಿಂತಿದ್ದೆ.

ಮೊದಲು ಮೇಲೆ ಬಂದದ್ದು ಅಮ್ಮ. ಕಂಬ ಹಿಡಿದು ಉಸಿರು ಸುಧಾರಿಸಿಕೊಂಡಳು. ನನ್ನ ಪಕ್ಕಕ್ಕೆ ಬಂದು, ಎಲ್ಲರೆದುರು, ನನ್ನ ಭುಜದ ಮೇಲೆ ಕೈಯಿಟ್ಟು ಹಾಳೆಯೊಳಗೆ ಇಣುಕಿದಳು. ಅವಳಿಗೆ ಓದಲು ಬರುವುದಿಲ್ಲ.

"ಎಷ್ಟಾಯ್ತು?"

"ಇಪ್ಪತ್ತೆಂಟು ನಿಮಿಷ ಅಮ್ಮ."

"ಸರಿಯಾಗಿ ಬರ್ಕೋ."

ಪೆನ್ನು ತೆಗೆದು 'ಸ್ವಂತ ಅಗತ್ಯ' ಕಾಲಂನಲ್ಲಿ ಬರೆದೆ.